ಬಾಯಿ ಮುಚ್ಚಿ ಪಾಸಾದವಳು

ಕೆಲವು ವಿವರಗಳು ತಪ್ಪಿರಬಹುದು. ಅದು ಎಪ್ಪತ್ತೊಂಬತ್ತೋ ಎಂಬತ್ತೋ, ಆ ಅಧಿಕಾರಿಯ ಅಂಗಿ ಖಾಕಿಯದೋ ಬಿಳಿಯದೋ — ನನ್ನ ದಿನಚರಿ ಒಂದು ಹೇಳುತ್ತದೆ, ನೆನಪು ಇನ್ನೊಂದು. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ. ಆದರೆ ಒಂದು ವಿಷಯದಲ್ಲಿ ಎರಡರ ಸಾಕ್ಷಿಯೂ ಒಂದೇ: ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಯ ದಿನ, ನನ್ನ ವೈನಿಗೆ — ಅಣ್ಣನ ಹೆಂಡತಿಗೆ — ತಲೆ ಸರಿಯಿಲ್ಲ ಎಂಬ ಮಾತು ಹುಟ್ಟಿದ್ದು ನನ್ನಿಂದ. ಹಾಗೆಂದು ನಾನು ಹೇಳಲಿಲ್ಲ. ಹಾಗೆ ತಿಳಿಯಲು ಸಾಕಾಗುವಷ್ಟು ಹೇಳಿದೆ.

ವೈನಿಯ ತವರು ಖಾನಾಪುರ. ಅಲ್ಲಿ ಅವರ ತಾಯಿ ಲಕವಾ ಹೊಡೆದು ಮಲಗಿದ್ದರು. ಬೆಳಗಾವಿಯಿಂದ ಒಂದು ತಾಸಿನ ದಾರಿ. ಆದರೂ ಹೋಗಬೇಕೆಂದರೆ ಅಣ್ಣನಿಗೆ ಅಂಗಡಿಯಿಂದ ಬಿಡುವಾಗಬೇಕು, ಅವನ ಮನಸ್ಸು ನೆಟ್ಟಗಿರಬೇಕು, "ಹೋದ ತಿಂಗಳ ಹೋಗಿ ಬಂದೀಯಲ್ಲ" ಎಂಬ ಮಾತನ್ನು ನುಂಗಬೇಕು. ಮನೆಯಲ್ಲಿ ಹಳೆಯದೊಂದು ಫಿಯಾಟ್ ಕಾರಿತ್ತು. ನಾನೇ ಓಡಿಸಿಕೊಂಡು ಹೋಗುತ್ತೇನೆ ಎಂದು ವೈನಿ ಹಟ ಹಿಡಿದರು. ನಾನು ಆಗಷ್ಟೇ ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ನನಗೂ ಕಲಿಯುವ ಆಸೆ.

"ಇಬ್ಬರೂ ಕಲ್ತಬಿಡ್ರಿ. ನನಗ ಕಾಟ ತಪ್ಪತೈತಿ," ಎಂದ ಅಣ್ಣ.

ಮಹಾಂತೇಶ ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಜಾಗಗಳೇ ಹೆಚ್ಚು. ಅಲ್ಲಿ ಪಾಠ. ವೈನಿ ಸ್ಟೇರಿಂಗ್ ಹಿಡಿದರೆ ಸಾಕು, "ಲೇ, ಕ್ಲಚ್ಚ ಒತ್ತ ಕ್ಲಚ್ಚ. ರೊಟ್ಟಿ ಬಡಿಯೂದಲ್ಲ ಇದು." ನನಗೆ ಅಷ್ಟು ಬೈಗುಳವಿರಲಿಲ್ಲ. ಆದರೂ ಅವನು ಪಕ್ಕದಲ್ಲಿ ಕೂತರೆ ನಾನು ಗೇರು ತಪ್ಪಿ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಅವನು ಚಹಾ ಕುಡಿಯಲು ಇಳಿದಾಗ ಹಿಂದಿನ ಸೀಟಿನಿಂದ ವೈನಿ ಮುಂದಕ್ಕೆ ಬಾಗಿದರು.

"ಅವರ ದನಿ ಕಿವ್ಯಾಗ ಕುಂತೈತೇನು? ನನಗೂ ಕುಂತಿತ್ತು. ಅದನ್ನ ಎಬ್ಬಿಸಿ ಕಳಸು. ಆ ಜಾಗಾದಾಗ ನಿನ್ನ ದನಿ ಕುಂದರಸು."

ಅವರ ತಂದೆ ಖಾನಾಪುರದ ಕಡೆ ಕಟ್ಟಿಗೆ ಸಾಗಿಸುವ ಚಕ್ಕಡಿ ಹೊಡೆಯುತ್ತಿದ್ದರು. ಏರು ಬಂದಾಗ ಎತ್ತುಗಳಿಗೆ ಬಾರಕೋಲು ತೋರಿಸಿದವರಲ್ಲವಂತೆ. "ಹಗೂರ, ನನ್ನಪ್ಪಾ. ನಿನಗ ಬರತೈತಿ. ಈ ಏರು ನಿನ್ನೆನೂ ಹತ್ತೀದಿ" — ಹೀಗೆ ಮೇಲೆ ಮುಟ್ಟುವವರೆಗೂ ಹೇಳುತ್ತಿದ್ದರಂತೆ. ವೈನಿ ಆ ಮಾತನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಒಂದೇ ಬದಲಾವಣೆ: "ನಿನಗ ನೀನು ರೀ ಹಚ್ಚಿ ಮಾತಾಡು, ಸುಮಾ. ಈ ಮನ್ಯಾಗ ನನಗಂತೂ ಬ್ಯಾರೆ ಯಾರೂ ಹಚ್ಚೂದಿಲ್ಲ." ನಕ್ಕರು. ಆಮೇಲೆ ನಗು ನಿಲ್ಲಿಸಿ, "ತುಟಿ ಮಾತ್ರ ಅಳ್ಳಾಡಬಾರದು ನೋಡು. ಯಾರರೆ ಕೇಳಿದ್ರ ಹುಚ್ಚಿ ಅಂತಾರ," ಎಂದರು.

ಅದು ಗೊತ್ತಿದ್ದವರು. ಆದರೂ —

ಪರೀಕ್ಷೆಯ ದಿನ ಮೊದಲು ವೈನಿಯ ಸರದಿ. ಅಧಿಕಾರಿ ಅವರ ಪಕ್ಕದಲ್ಲಿ, ನಾನು ಹಿಂದೆ. ಅಣ್ಣ ಮೈದಾನದ ಅಂಚಿನಲ್ಲಿ ಮರದ ಕೆಳಗೆ ನಿಂತಿದ್ದ. ವೈನಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿದರು, ಕಿಟಕಿಯಿಂದ ಕೈ ಹೊರಗೆ ಚಾಚಿ ಸಂಜ್ಞೆ ತೋರಿಸಿದರು. ಉಳಿದದ್ದು ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು. ಮುಂದೆ ನಾನೂ ಅದನ್ನೇ ಮಾಡಬೇಕು. ನಾನು ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದೆ. ಏರಿನಲ್ಲಿ ನಿಂತ ಗಾಡಿಯ ಕನ್ನಡಿಯಲ್ಲಿ ವೈನಿಯ ಕಣ್ಣುಗಳು ನನ್ನನ್ನು ನೋಡಿದವು. ಇದು ದಿನಚರಿಯಲ್ಲಿದೆ, ನೆನಪು ಸೇರಿಸಿದ್ದಲ್ಲ. ನೋಡಿದ ಮೇಲೆ ಅವರು ಬಾಯಿಬಿಟ್ಟು, ಸ್ಪಷ್ಟವಾಗಿ, ಹೇಳಿದರು:

"ಹಗೂರ, ತಾಯಿ. ನಿಮಗ ಬರತೈತಿ. ಈ ಏರು ನಿನ್ನೆನೂ ಹತ್ತೀರಿ."

ಗಾಡಿ ಒಂದು ಬೆರಳಿನಷ್ಟೂ ಹಿಂದೆ ಜಾರಲಿಲ್ಲ.

ಅಧಿಕಾರಿ ಅವರನ್ನು ಏನೂ ಕೇಳಲಿಲ್ಲ. ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದ: "ಇವರು ಮನ್ಯಾಗೂ ಹಿಂಗ ಒಬ್ಬರೇ ಮಾತಾಡ್ತಾರೇನ್ರಿ?"

ನಾನು ಹೇಳಿದೆ: "ಹೌದ್ರಿ. ಅವರಿಗೆ ಆ ರೂಢಿ ಐತ್ರಿ."

ಒಂದು ಅಕ್ಷರವೂ ಸುಳ್ಳಲ್ಲ. "ನನಗೂ ಐತ್ರಿ" ಎಂಬುದನ್ನು ಮಾತ್ರ ಬಿಟ್ಟೆ. ಯಾಕೆ ಬಿಟ್ಟೆ ಎಂದು ಎಷ್ಟೋ ಪುಟ ಬರೆದು ಹರಿದಿದ್ದೇನೆ. ಮುಂದಿನ ಸರದಿ ನನ್ನದಾಗಿತ್ತು. ಅಷ್ಟೇ.

ಅಧಿಕಾರಿ ಇಳಿದು ಅಣ್ಣನಿಗೆ, "ಮೊದಲ ಡಾಕ್ಟರಿಗೆ ತೋರಸ್ರಿ. ಗಾಡಿ ಆಮ್ಯಾಲ," ಎಂದ. ಆಮೇಲೆ ನಾನು ಕೂತೆ. ಅದೇ ಏರು, ಅದೇ ಮಾತು, ಬಾಯಿ ಮುಚ್ಚಿಕೊಂಡು. ಪಾಸಾದೆ. "ಹಿಂಗ ಶಾಂತ ಇರಬೇಕು ನೋಡ್ರಿ," ಎಂದು ಹೊಗಳಿದ ಅವನು.

ಇದನ್ನು ಬರೆಯುವಾಗ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಗಾಡಿ ಜಾರಲಿಲ್ಲ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲವೇ? ಪಕ್ಕದಲ್ಲಿ ಕೂತ ಹೆಂಗಸಿನ ಬುದ್ಧಿಯ ಬಗ್ಗೆ ಅವಳನ್ನು ಬಿಟ್ಟು ಹಿಂದೆ ಕೂತವಳನ್ನು ಕೇಳುವ ಅಧಿಕಾರ ಅವನಿಗೆ ಕೊಟ್ಟವರು ಯಾರು? ನಮ್ಮ ಅಣ್ಣ ದಿನಾ ಬೆಳಿಗ್ಗೆ ತನ್ನ ಸ್ಕೂಟರಿಗೆ ಒದ್ದು ಒದ್ದು ಅದರ ಮನೆತನವನ್ನೆಲ್ಲ ಬೈಯುತ್ತಿದ್ದ, ಹೊತ್ತಿಕೊಂಡರೆ "ಶಾಬಾಸ್ ಮಗನ" ಎಂದು ಸೀಟು ತಟ್ಟುತ್ತಿದ್ದ. ಅವನನ್ನು ಯಾರೂ ಡಾಕ್ಟರಿಗೆ ತೋರಿಸಲಿಲ್ಲ. ಅದೇ ಅಣ್ಣ ಕಾರಿನ ಚಾವಿಯನ್ನು ಜೇಬಿಗೆ ಹಾಕಿಕೊಂಡು, ಮನೆಗೆ ಬಂದವರೆದುರು ನಗುತ್ತಾ, "ಹುಚ್ಚಿ ಕೈಯಾಗ ಸ್ಟೇರಿಂಗ್ ಕೊಡಾಕ ಬರತೈತೇನು?" ಎನ್ನುತ್ತಿದ್ದ. ಬಂದವರೂ ನಗುತ್ತಿದ್ದರು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಅವರ ಮೇಲೆಲ್ಲ ಸಿಟ್ಟಾಗುವುದು ಸುಲಭ. ಅವರಿಗೆ ಆ ಮಾತು ಒದಗಿಸಿದವಳು —

ವರ್ಷದ ಮಟ್ಟಿಗೆ ನಾನೇ ಅಣ್ಣನಿಂದ ಚಾವಿ ಇಸಿದುಕೊಂಡು ವೈನಿಯನ್ನು ವಾರಕ್ಕೊಮ್ಮೆ ಖಾನಾಪುರಕ್ಕೆ ಕರೆದೊಯ್ದೆ. ಅವರು ಎಡಗಡೆ, ನಾನು ಬಲಗಡೆ. ಅವರ ತಾಯಿ ಹಾಸಿಗೆಯಿಂದಲೇ ತೊದಲುತ್ತಾ ನನ್ನನ್ನು ಹರಸುತ್ತಿದ್ದರು, "ಇಂಥಾ ನಾದಿನಿ ಸಿಗಾಕ ಪುಣ್ಯಾ ಮಾಡಿರಬೇಕು" ಎಂದು. ಆ ಹೊಗಳಿಕೆಯನ್ನೂ ನಾನೇ ತೆಗೆದುಕೊಂಡೆ. ಆಮೇಲೆ ಧಾರವಾಡದಲ್ಲಿ ನನಗೆ ಕೆಲಸವಾಯಿತು. ವಾರದ ಪ್ರಯಾಣ ತಿಂಗಳದ್ದಾಯಿತು, ಹಬ್ಬದ್ದಾಯಿತು. ತಾಯಿ ತೀರಿಕೊಂಡ ಸುದ್ದಿ ಬಂದ ದಿನ ವೈನಿ ಅಂಗಡಿಯ ಬಾಗಿಲಲ್ಲಿ ನಿಂತು, ಅಣ್ಣ ಗಿರಾಕಿಯನ್ನು ಕಳಿಸುವವರೆಗೆ ಕಾದರಂತೆ.

ಹೋದ ದೀಪಾವಳಿಗೆ ಅಣ್ಣನೆದುರು ಕೊನೆಗೂ ಬಾಯಿಬಿಟ್ಟೆ — ಅವತ್ತು ನಾನೂ ಅದೇ ಮಾತು ಹೇಳಿಕೊಂಡೇ ಪಾಸಾದದ್ದು, ಕಲಿಸಿದವರು ವೈನಿಯೇ ಎಂದು. ಅವನು ಉಂಡಿ ಮುರಿಯುತ್ತಾ, "ನೀ ಕಲ್ತಾಕಿ. ನಿಂದು ಬ್ಯಾರೆ," ಎಂದ. ನನ್ನ ಡಿಗ್ರಿಯ ಮೇಲೆ ನನಗೆ ಅಷ್ಟು ಹೇಸಿಕೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ವೈನಿಯನ್ನು ಕರೆದುಕೊಂಡು ಖಾನಾಪುರಕ್ಕೆ ಹೊರಟೆ. ಅಣ್ಣ ಇನ್ನೂ ಮಾರದೆ ಇಟ್ಟುಕೊಂಡ ಅದೇ ಫಿಯಾಟ್. ಪೀರನವಾಡಿ ದಾಟಿದ ಮೇಲೆ ಒಂದು ಏರಿನಲ್ಲಿ ಲಾರಿಯ ಹಿಂದೆ ನಿಲ್ಲಬೇಕಾಯಿತು. ಪಕ್ಕಕ್ಕೆ ನೋಡಿದೆ. ಈಗ ಅವರ ತುಟಿ ಅಲುಗುವುದಿಲ್ಲ. ಒಳಗಾದರೂ ಆ ದನಿ ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಧಿಕಾರಿಗೆ ಹೇಳಿದ್ದನ್ನು, ಹೇಳದೆ ಬಿಟ್ಟದ್ದನ್ನು ಎರಡನ್ನೂ ಹೇಳಿದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು. ಲಾರಿ ಮುಂದೆ ಸರಿಯಿತು, ಹಿಂದಿನವರು ಹಾರ್ನ್ ಒತ್ತಿದರು. ನಾನು ಹೊರಡಲಿಲ್ಲ.

"ವೈನೀ, ಅವತ್ತ ಕನ್ನಡಿಯಾಗ ನನ್ನ ನೋಡಿ, ಬಾಯಿಬಿಟ್ಟು ಅಂದ್ರೆಲ್ಲ — ಅದು ನನ್ನ ಸಲುವಾಗಿ ಏನ್ರಿ?"