ಬಿಳಿ ಬೋರ್ಡಿನ ಅತ್ತೆ

ಮುಂಬೈಯ ಕ್ಯಾಂಟೀನ್ ಬಿಟ್ಟು ಊರಿಗೆ ಬಂದ ನನ್ನ ಗಂಡ ಒಂದು ಕಾರು ತೆಗೆದುಕೊಂಡರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರು ವಾಟ್ಸಾಪಿನಲ್ಲಿ ಕರೆದರೂ ಕೂರಿಸಿಕೊಂಡು ಹೋಗುವುದು ಅವರ ಹೊಸ ಉದ್ಯೋಗ. ನಂಬರ್ ಪ್ಲೇಟು ಮಾತ್ರ ಮನೆ ಕಾರಿನ ಬಿಳಿಯದು, ವಿಮೆಯೂ ಮನೆ ಕಾರಿನದೇ. ಬಾಡಿಗೆಗೆ ಓಡಿಸುವುದಾದರೆ ಹಳದಿ ಬೋರ್ಡು, ಪರ್ಮಿಟ್ಟು, ಅದಕ್ಕೆ ತಕ್ಕ ವಿಮೆ ಬೇಕು, ಇಲ್ಲದಿದ್ದರೆ ಏನಾದರೂ ಆದ ದಿನ ಕಂಪನಿ ಕೈಯೆತ್ತುತ್ತದೆ ಎಂದು ವಿಮೆ ಏಜೆಂಟರು ನಮ್ಮ ಜಗಲಿಯಲ್ಲೇ ಕೂತು ಹೇಳಿದ್ದರು. ಇವರು ತಲೆಯಾಡಿಸಿ ಅವರಿಗೆ ಚಾ ಕೊಟ್ಟು ಕಳುಹಿಸಿದರು. ಚಾ ಮಾಡಿದವಳು ನಾನು.

ಇವರ ಉಪಾಯವೇ ಬೇರೆ. ಬಾಡಿಗೆಯವರನ್ನೆಲ್ಲ ನೆಂಟರನ್ನಾಗಿ ಮಾಡುವುದು. ನಮ್ಮ ಕಡೆ ಅದು ಕಷ್ಟದ ಕೆಲಸವೇನಲ್ಲ. ಯಾವೂರು, ಯಾರ ಮನೆ, ತಾಯಿ ಮನೆ ಎಲ್ಲಿ ಎಂದು ಕೇಳುತ್ತಾ ಹೋದರೆ ಎಲ್ಲಾದರೂ ಒಂದು ಕೊಂಡಿ ಸಿಕ್ಕೇ ಸಿಗುತ್ತದೆ. ಕಾರು ಹೆದ್ದಾರಿ ಹತ್ತುವುದರೊಳಗೆ ಹಿಂದಿನ ಸೀಟಿನವರು ಭಾವನೋ ಚಿಕ್ಕಮ್ಮನೋ ಆಗಿಬಿಡುತ್ತಿದ್ದರು. ಸಂಸಾರದ ಕಳೆ ಬರಲೆಂದು ಮುಂದಿನ ಸೀಟಿನಲ್ಲಿ ನಾನು. ಮದುವೆಯಾದ ಮೇಲೆ ಒಂದು ಸಿನಿಮಾಕ್ಕೂ ಕರೆದುಕೊಂಡು ಹೋಗದ ಮನುಷ್ಯ ಈಗ ದಿನಾ ತಿರುಗಾಡಿಸುತ್ತಿದ್ದರು. ಬೇಡ ಎನ್ನಲು ನನಗೇನು ಹುಚ್ಚೇ?

ಒಂದು ಬೆಳಿಗ್ಗೆ ಕುಂದಾಪುರದ ಆಸ್ಪತ್ರೆಯಿಂದ ಮರವಂತೆಗೆ ಬಾಡಿಗೆ ಸಿಕ್ಕಿತು. ಮೀನು ಮಾರುವ ಒಬ್ಬ ಹೆಂಗಸು, ಹೆರಿಗೆಯಾದ ಅವರ ಮಗಳು, ಬಟ್ಟೆಯಲ್ಲಿ ಸುತ್ತಿದ ಶಿಶು. ಇವರು ಕೂಡಲೇ ಶುರುಮಾಡಿದರು.

"ಅಮ್ಮ, ನಿಮ್ಮ್ ಅಪ್ಪನ್ ಮನಿ ಎಲ್ಲಾಯ್ತ್?"

"ಕೋಡಿ."

"ಇವ್ಳ್ ಅಬ್ಬಿ ಮನಿಯೂ ಅಲ್ಲೇ ಅಲ್ದಾ," ಎಂದು ಇವರು ನನ್ನ ತಾಯಿ ಮನೆಯನ್ನು ಎಳೆದು ತಂದರು. "ಹಂಗಾರೆ ನೀವ್ ನಂಗೆ ಅತ್ತೆ ಆಯ್ಕ್. ಯಾರಾರೂ ಕೇಂಡ್ರೆ ಹಂಗೇ ಹೇಳಿ."

ಹೆಮ್ಮಾಡಿಯಲ್ಲಿ ಖಾಕಿಯವರು ಕೈ ತೋರಿಸಿದರು. ಬಾಡಿಗೆಯೇ ಎಂದು ಕೇಳಿದ್ದಷ್ಟೇ, ಆ ಹೆಂಗಸು ಮೀನು ಮಾರುಕಟ್ಟೆಯ ದನಿ ತೆಗೆದರು. "ಎಂತ ಬಾಡ್ಗಿ? ಅಳಿಯನ್ ಕಾರಲ್ಲಿ ಅತ್ತೆ ಕೂಕಂಡ್ರೆ ಬಾಡ್ಗಿ ಅಂಬ್ರಾ? ಬಾಳಂತಿಗೆ ಬಿಸ್ಲ್ ತಾಗತ್ತ್, ದಾರಿ ಬಿಡಿ." ಖಾಕಿಯವರು ಬಿಟ್ಟರು. ಇವರ ಮೀಸೆ ಕುಣಿಯುವುದನ್ನು ನೋಡಿ ನನಗೆ ಮೈ ಉರಿಯಿತು.

ಆ ಕುಣಿತ ಮರವಂತೆಯವರೆಗೆ ಮಾತ್ರ. ಎದುರಿನಿಂದ ರಾಂಗ್ ಸೈಡಿನಲ್ಲಿ ಒಂದು ಬೈಕು ನುಗ್ಗಿತು. ಇವರು ಬ್ರೇಕ್ ಒತ್ತಿದರು, ರಸ್ತೆಗೆ ಹಾರಿಬಂದಿದ್ದ ಮರಳಿನ ಮೇಲೆ ಕಾರು ಜಾರಿ, ಕಡಲ ಬದಿಯ ಕಲ್ಲುಗಳಿಗೆ ಮೂತಿ ಕೊಟ್ಟು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಶಿಶು ಎದ್ದು ಅಳತೊಡಗಿತು. ಆ ಅಳು ಕೇಳಿದ ಮೇಲೆಯೇ ನನಗೆ ಉಸಿರು ಬಂದದ್ದು.

"ಎಂತಾರೂ ಆಗಿದ್ರೆ?" ಆ ಹೆಂಗಸು ಬಟ್ಟೆ ಸರಿಸಿ ಶಿಶುವಿನ ಕೈಕಾಲು ಮುಟ್ಟಿ ನೋಡಿದರು.

"ಹೆದ್ರಬೇಡಿ, ಇನ್ಸೂರೆನ್ಸ್ ಇತ್ತ್," ಎಂದರು ಇವರು.

ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದ ನನಗೆ ತಡೆಯಲಾಗಲಿಲ್ಲ. "ಹ್ವಾಯ್, ಸುಳ್ಳ್ ಹೇಳ್ಬೇಡಿ. ಅದ್ ಮನಿಯವ್ರಿಗೆ. ಬಾಡ್ಗಿಗೆ ಕೂಕಂಡವ್ರಿಗೆ ಕಂಪನಿ ಎಂತದೂ ಕೊಡುದಿಲ್ಲೆ."

ಆ ಹೆಂಗಸು ಈ ಸಲ ದನಿ ಏರಿಸಲಿಲ್ಲ. "ಅತ್ತೆ ಅಂದ್ ಕೂರ್ಸ್ದೆ ಅಲ್ದಾ. ಅತ್ತೆನ್, ಈ ಶಿಶುನ್, ಇಂಥ ಕಾರಲ್ಲಿ ಯಾರಾರೂ ಕೂರ್ಸ್ತ್ರಾ? ನಾನ್ ನಿಂಗೆ ಅತ್ತೆ ಅಲ್ಲ."

ಇವರು ತಿರುಗಿ ನೋಡಲಿಲ್ಲ. ಇವರಿಗೆ ನಾಚಿಕೆಯಾದದ್ದನ್ನು ನಾನು ಮೊದಲ ಸಲ ಕಂಡದ್ದು ಅಂದು. ಮಾರನೇ ದಿನ ಏಜೆಂಟರನ್ನು ತಾವೇ ಹುಡುಕಿಕೊಂಡು ಹೋದರು. ಕಚೇರಿ ಕಚೇರಿ ಅಲೆದು, ಪರ್ಮಿಟ್ಟು, ಹೊಸ ವಿಮೆ ಎಲ್ಲ ಆಗಿ ಹಳದಿ ಬೋರ್ಡು ಬರುವವರೆಗೆ ಕಾರು ಅಂಗಳ ಬಿಟ್ಟು ಅಲುಗಲಿಲ್ಲ. ನನ್ನ ತಿರುಗಾಟವೂ ಅಲ್ಲಿಗೆ ಮುಗಿಯಿತು. ಹಳದಿ ಬೋರ್ಡಿಗೆ ಹೆಂಡತಿ ಬೇಕಿಲ್ಲವಂತೆ.

ಮೊದಲ ಬಾಡಿಗೆ ಮಾತ್ರ ನಾನು ಬಿಡಲಿಲ್ಲ, ಹಟ ಮಾಡಿ ಹತ್ತಿದೆ. ಹಳದಿ ಬೋರ್ಡಿನ ಸುದ್ದಿ ಕೇಳಿ, ಶಿಶುವಿಗೆ ಚುಚ್ಚುಮದ್ದು ಹಾಕಿಸಲು ಮರವಂತೆಯಿಂದ ಆ ಮೀನಿನ ಹೆಂಗಸೇ ಕರೆದಿದ್ದರು. ಬಂದವರು ಮೊದಲು ಕಾರಿನ ಮುಂದೆ ನಿಂತು ಬೋರ್ಡು ನೋಡಿದರು, ಸೆರಗಿನ ತುದಿಯಿಂದ ಅದರ ಮೇಲಿನ ಧೂಳು ಒರೆಸಿದರು.

"ಅಮ್ಮ, ಇನ್ ಸುಳ್ಳ್ ಬ್ಯಾಡ," ಎಂದರು ಇವರು ಮೆತ್ತಗೆ. "ಯಾರ್ ಕೇಂಡ್ರೂ ಬಾಡ್ಗಿ ಅಂದೇ ಹೇಳಿ."

ಅವರು ಶಿಶುವನ್ನು ಮಡಿಲಿಗೆ ಹಾಕಿಕೊಂಡು ಬಾಗಿಲು ಎಳೆದುಕೊಂಡರು.

"ಬಾಡ್ಗಿ ಅಂದೇ ಹೇಳ್ತೆ, ಅಳಿಯ. ನಾನ್ ನಿಂಗೆ ಅತ್ತೆ ಆದ್ದ್ ಈಗ."