ಸ್ಯಾಮ್ ಕಳಿಸಿದ ಅಂತ ಹೇಳಿ

ಡಾಲಸ್ ಬಳಿಯ ಅಲೆನ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿರುವ ಶ್ಯಾಮಸುಂದರ ಅವರು ಮೈಸೂರಿನವರು. ಮೈಸೂರಿನಲ್ಲಿ ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲ ಎನ್ನುವುದು ಮರ್ಯಾದೆಯಲ್ಲ. ಗೊತ್ತಿದ್ದರೆ ಸರಿಯಾದ ದಾರಿ, ಗೊತ್ತಿಲ್ಲದಿದ್ದರೆ ಯಾವುದೋ ಒಂದು ದಾರಿ, ಅಂತೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಈ ಗುಣವನ್ನು ಅವರು ಟೆಕ್ಸಸ್‌ಗೂ ತಂದಿದ್ದರು.

ಅವರ ಕೆಲಸ ಆಸ್ಪತ್ರೆಗಳ ಸ್ಕ್ಯಾನಿಂಗ್ ಮಶೀನು ರಿಪೇರಿ ಮಾಡುವುದು. ಡಾಲಸ್ ಸುತ್ತಲಿನ ಸಣ್ಣ ಊರುಗಳೆಲ್ಲ ಅವರ ಪಾಲಿಗೆ ಬಿದ್ದಿದ್ದವು. ಆ ಊರುಗಳನ್ನು ಕಟ್ಟಿದ ಹಳಬರು ಹೆಸರಿನ ವಿಷಯದಲ್ಲಿ ಜಿಪುಣತನ ಮಾಡಿದವರಲ್ಲ. ಈಶಾನ್ಯಕ್ಕೆ ಎರಡು ಗಂಟೆ ಡ್ರೈವ್ ಮಾಡಿದರೆ ಪ್ಯಾರಿಸ್, ಹೆಸರಿಗೆ ತಕ್ಕಂತೆ ಅಲ್ಲೊಂದು ಪುಟ್ಟ ಐಫೆಲ್ ಟವರೂ ಇದೆ. ದಕ್ಷಿಣಕ್ಕೆ ಹೋದರೆ ಇಟಲಿ. ಇನ್ನೊಂದು ದಿಕ್ಕಿಗೆ ಅಥೆನ್ಸ್. ಹೀಗಾಗಿ ಮನೆಗೆ ಫೋನ್ ಬಂದರೆ ಹೆಂಡತಿ ವಿಜಯಾ ಸಹಜವಾಗಿ, "ಇಲ್ಲಾರೀ, ಇವತ್ತು ಮಂಗಳವಾರ ಅಲ್ವಾ, ಪ್ಯಾರಿಸ್‌ಗೆ ಹೋಗಿದಾರೆ, ಸಾಯಂಕಾಲ ಬಂದ್ಬಿಡ್ತಾರೆ" ಅನ್ನುತ್ತಿದ್ದರು. ಹಳಬರಿಗೆ ಇದು ಗೊತ್ತಿತ್ತು. ಹೊಸಬರು ಬೆರಗಾಗಿ ಫೋನ್ ಇಡುತ್ತಿದ್ದರು.

ಅಂಥ ಹೊಸಬರಲ್ಲಿ ಒಬ್ಬರು ಹತ್ತಿರದ ಪ್ರಾಸ್ಪರ್ ಊರಿನ ಡಾಕ್ಟರ್ ಬಸವರಾಜ್. ಧಾರವಾಡದವರು. ಒಂದು ಮಧ್ಯಾಹ್ನ ಅವರು ಶ್ಯಾಮಸುಂದರರಿಗೆ ಫೋನ್ ಮಾಡಿದರು.

"ಸರ, ನಾವು ಪ್ಯಾರಿಸ್‌ಗೆ ಹೊಂಟೀವ್ರಿ. ಜೋಡಿ ನಮ್ಮವ್ವನೂ ಬರಾಕತ್ತಾಳ. ನೀವು ವಾರಾ ವಾರಾ ಹೋಗ್ತೀರಂತಲ್ರಿ, ಅಲ್ಲಿ ಊಟಕ್ಕ ಏನ್ ಮಾಡೂದ್ರಿ?"

ಪ್ಯಾರಿಸ್ ಆಸ್ಪತ್ರೆಯಲ್ಲಿ ಡಾಕ್ಟರ ಹುದ್ದೆ ಖಾಲಿಯಿದ್ದದ್ದು ಶ್ಯಾಮಸುಂದರರಿಗೆ ಗೊತ್ತಿತ್ತು. ಇವರು ಅದಕ್ಕೇ ಹೊರಟಿದ್ದಾರೆ ಅಂದುಕೊಂಡರು.

"ಎಷ್ಟೊತ್ತಿಗೆ ಹೊರಡ್ತೀರಿ?"

"ಸಂಜಿಕ್ಕ ಬಿಟ್ಟು ಮರುದಿನ ಮುಂಜಾನೆ ಮುಟ್ತೀವ್ರಿ."

ಎರಡು ಗಂಟೆಯ ದಾರಿಗೆ ಇಡೀ ರಾತ್ರಿ ಯಾಕೆ ಎಂದು ಶ್ಯಾಮಸುಂದರರಿಗೆ ಅನ್ನಿಸದೆ ಇರಲಿಲ್ಲ. "ಸರಿ, ವಯಸ್ಸಾದವರು ಇದಾರೆ, ನಿಧಾನವಾಗಿ ಹೋಗಿ" ಎಂದರು. "ಎಷ್ಟು ದಿನ ಇರ್ತೀರಿ?"

"ಮೂರ್ನಾಕು ದಿನಾ ಇರಬೇಕಂತ ಮಾಡೀವ್ರಿ."

"ಮೂರ್ನಾಲ್ಕು ದಿನಾನಾ? ಅಲ್ಲಿ ಏನಿದೆ ಅಂತ? ಅರ್ಧ ದಿನಕ್ಕೆ ಎಲ್ಲಾ ನೋಡಿ ಮುಗಿಯುತ್ತೆ."

ಲೋಕ ಸುತ್ತಿದವರ ಗತ್ತು ಇದೇ ಇರಬೇಕು ಎಂದುಕೊಂಡರು ಬಸವರಾಜ್. ಅವರಿಗೆ ಬೇಕಾಗಿದ್ದದ್ದು ತಾಯಿ ಸುಮಿತ್ರವ್ವನ ಊಟದ ವ್ಯವಸ್ಥೆ. ಆಕೆ ಮೊಟ್ಟೆ ಮುಟ್ಟುವವರಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ನಡೆಯುವುದಿಲ್ಲ, ದಿನಕ್ಕೆ ಒಮ್ಮೆಯಾದರೂ ರೊಟ್ಟಿ ಕಾಣದಿದ್ದರೆ ತಲೆನೋವು.

"ಯೋಚನೇನೇ ಮಾಡ್ಬೇಡಿ" ಎಂದರು ಶ್ಯಾಮಸುಂದರ. "ಟವರ್ ಇದೆಯಲ್ಲ, ಮೇಲೆ ಕೆಂಪು ಟೋಪಿ ಹಾಕಿರೋದು. ಅಲ್ಲಿ ಕಾರು ಬಿಡಿ. ಪಾರ್ಕಿಂಗ್ ಬೇಕಾದಷ್ಟಿದೆ, ಲಾರಿ ಕೂಡ ನಿಲ್ಲಿಸಬಹುದು. ಟವರ್‌ಗೆ ಬೆನ್ನು ಮಾಡಿ ನಡೀರಿ. ಬಲಗಡೆ ಒಂದು ಹಸಿರು ಬಾಗಿಲು ಬರುತ್ತೆ. ಒಳಗೆ ಹೋಗಿ ಬೆಟ್ಟಿ ಯಾರು ಅಂತ ಕೇಳಿ. ಸ್ಯಾಮ್ ಕಳಿಸಿದ ಅಂತ ಹೇಳಿ, ಸಾಕು. ಅಲ್ಲಿ ನನ್ನನ್ನ ಹಾಗೇ ಕರೆಯೋದು. ಕಾಳು ಬೇಯಿಸಿ ಕೊಡ್ತಾಳೆ, ಹಂದಿ ಕೊಬ್ಬು ಹಾಕ್ಬೇಡ ಅನ್ನಿ. ಜೋಳದ ರೊಟ್ಟಿ ಥರದ್ದೂ ಏನೋ ಒಂದು ಕೊಡ್ತಾಳೆ."

"ಭಾಷಾ ತೊಂದ್ರಿ ಆಗೂದಿಲ್ಲೇನ್ರಿ?"

"ಶುರುವಿಗೆ ಅವರು ಮಾತಾಡೋದು ಏನೂ ತಿಳಿಯಲ್ಲ. ಎರಡನೇ ಸಲ ಕೇಳಿದ್ರೆ ತಿಳಿಯುತ್ತೆ."

ಹದಿನೈದು ದಿನ ಕಳೆದ ಮೇಲೆ ಬಸವರಾಜ್, ಸುಮಿತ್ರವ್ವ ಇಬ್ಬರೂ ಒಂದು ಬುಟ್ಟಿ ಹಣ್ಣು ಹಿಡಿದು ಶ್ಯಾಮಸುಂದರರ ಮನೆಗೆ ಬಂದರು. ಸುಮಿತ್ರವ್ವ ಸೋಫಾದ ಮೇಲೆ ಕೂತವರೇ ಹೇಳಿದರು: "ಬಾಳ ಪುಣ್ಯಾ ಕಟಗೊಂಡ್ರಿ ನೀವು. ಆ ಬೆಟ್ಟವ್ವ ದೇವರಂಥಾಕಿ. ನಿಮ್ಮ ಹೆಸರು ಹೇಳೂದೇ ತಡ, ನನ್ನ ತೆಕ್ಕಿ ಬಡದು ಅತ್ತಳು ನೋಡ್ರಿ. ರೊಟ್ಟಿ ಅಂತೂ ನಮ್ಮ ಜ್ವಾಳದ ರೊಟ್ಟಿನ ಮರೀಬೇಕು, ಹಂಗ ತೆಳ್ಳಗ, ಕರ್ರಗ!"

ಪ್ಯಾರಿಸ್‌ನ ಬೆಟ್ಟಿಗೆ ತೆಳ್ಳಗಿನ ರೊಟ್ಟಿ ಬರುವುದಿಲ್ಲವೆಂದು ಶ್ಯಾಮಸುಂದರರಿಗೆ ಗೊತ್ತಿತ್ತು. ಆಕೆ ಅಳುವ ಪೈಕಿಯೂ ಅಲ್ಲ. ಬಸವರಾಜ್ ಫೋನ್ ತೆಗೆದು ಫೋಟೋ ತೋರಿಸಿದರು. ಫೋಟೋದಲ್ಲಿ ಸುಮಿತ್ರವ್ವನ ಹಿಂದೆ ನಿಂತಿದ್ದದ್ದು ಟೆಕ್ಸಸ್‌ನ ಪುಟ್ಟ ಟವರ್ ಅಲ್ಲ. ಅಸಲಿ ಐಫೆಲ್ ಟವರ್.

ಶ್ಯಾಮಸುಂದರರು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು. "ನೀವು ಫ್ರಾನ್ಸಿಗೆ ಹೋಗಿದ್ರಾ?"

"ಮತ್ತೆಲ್ಲಿಗ್ರಿ?"

"ನಾನು ಹೇಳಿದ್ದು ಇಲ್ಲಿನ ಪ್ಯಾರಿಸ್‌ರೀ! ಆ ಪ್ಯಾರಿಸ್ ನಾನು ಕಣ್ಣಲ್ಲೂ ನೋಡಿಲ್ಲ!"

ಬಸವರಾಜ್ ನಕ್ಕರು. "ಚ್ಯಾಷ್ಟಿ ಮಾಡಬ್ಯಾಡ್ರಿ ಸರ. ನೀವು ಹೇಳಿದಂಗ ಟವರ್‌ಗೆ ಬೆನ್ನು ಮಾಡಿ ನಡದ್ವಿ, ಬಲಗಡೆ ಹಸಿರು ಬಾಗಲಾ, ಒಳಗ ಬೆಟ್ಟಿ."

"ಮತ್ತೆ ಟವರ್ ಮೇಲೆ ಕೆಂಪು ಟೋಪಿ ಇತ್ತಾ?"

"ಇರಲಿಲ್ರಿ" ಎಂದು ಬಸವರಾಜ್ ಒಪ್ಪಿಕೊಂಡರು. ಸುಮಿತ್ರವ್ವ ಕೈ ಅಲ್ಲಾಡಿಸಿದರು: "ಒಗ್ಯಾಕ ಹಾಕಿರಬೇಕು ತಗೋರಿ."

ಎಲ್ಲವನ್ನೂ ಕೇಳಿಸಿಕೊಂಡಿದ್ದ ವಿಜಯಾ, ಅತಿಥಿಗಳು ಹೋದ ಮೇಲೆ ಬಾಗಿಲು ಹಾಕಿ ಒಂದೇ ಪ್ರಶ್ನೆ ಕೇಳಿದರು. "ಯಾರ್ರೀ ಅವಳು?"

"ನನಗೆ ಹೇಗೆ ಗೊತ್ತು?"

"ಯಾರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನದ ಮನುಷ್ಯ ಇವತ್ತು ಗೊತ್ತಿಲ್ಲ ಅಂತೀರಲ್ಲ. ನಿಮ್ಮ ಹೆಸರು ಕೇಳಿದ್ರೆ ಅಳ್ತಾಳಂತೆ!"

ವಿಜಯಾ ಬೀರುವಿನಿಂದ ಪಾಸ್‌ಪೋರ್ಟ್ ತಂದು ಪುಟ ಪುಟ ತಿರುವಿ ನೋಡಿದರು. ಬೆಂಗಳೂರಿಗೆ ಹೋಗಿಬಂದ ಮುದ್ರೆಗಳ ಹೊರತು ಏನೂ ಇರಲಿಲ್ಲ. ಅದರಿಂದ ಅನುಮಾನ ಕಡಿಮೆಯಾಗಲಿಲ್ಲ. ಮುದ್ರೆಯೂ ಬೀಳದ ಹಾಗೆ ಹೋಗಿಬರುತ್ತಾರಲ್ಲ ಎಂದು ಆಶ್ಚರ್ಯ ಮಾತ್ರ ಹೆಚ್ಚಾಯಿತು. ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗಳು ಶ್ರೀಜಾಳಿಗೆ ಫೋನ್ ಹೋಯಿತು. ಅವಳು ಅಷ್ಟನ್ನೂ ಕೇಳಿ, "ಅಮ್ಮಾ, ಡ್ಯಾಡ್ ಗೆಟ್ಸ್ ನರ್ವಸ್ ಇನ್ ಒಕ್ಲಹೋಮಾ, ಪಕ್ಕದ ರಾಜ್ಯಕ್ಕೇ ಹೆದರ್ತಾರೆ" ಎಂದು ಫೋನ್ ಇಟ್ಟಳು.

ಅಷ್ಟರಲ್ಲಿ ಬಸವರಾಜ್ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದಾಗಿತ್ತು: ಯುರೋಪಿನಲ್ಲಿ ಶುದ್ಧ ಸಸ್ಯಾಹಾರ ಬೇಕಾದವರು ಶ್ಯಾಮಸುಂದರ ಅಂಕಲ್ ಅವರನ್ನು ಕೇಳಿ. ಆ ಬೇಸಿಗೆ ಯುರೋಪಿಗೆ ಹೊರಟವರೆಲ್ಲ ಕೇಳಿದರು. ಶ್ಯಾಮಸುಂದರರು ಮೊದಮೊದಲು ಪ್ರಾಮಾಣಿಕವಾಗಿ, "ನಾನು ಹೋಗೋದು ಟೆಕ್ಸಸ್ ಪ್ಯಾರಿಸ್‌ಗೆ" ಎಂದು ತಿಳಿಸಿ ಹೇಳಿದರು. ದೊಡ್ಡ ಮನುಷ್ಯರ ವಿನಯವೆಂದು ಜನ ತಿಳಿದರು. ಲಿಟಲ್ ಎಲ್ಮ್ ಊರಿನ ವೆಂಕಟೇಶ್ ಅಂತೂ ಬೇಜಾರೇ ಮಾಡಿಕೊಂಡ: "ಬಸವರಾಜ್ ಅವರಿಗೆ ಹೇಳ್ತೀರಿ, ನಮಗೆ ಹೇಳಲ್ವಾ ಅಂಕಲ್?"

ಸಂಕೋಚಕ್ಕೆ ಬಿದ್ದು ಹೇಳಿದರು. ಅದೇ ಟವರ್, ಅದೇ ಹಸಿರು ಬಾಗಿಲು. ವೆಂಕಟೇಶ್‌ಗೂ ಸಿಕ್ಕಿತು. ಇಟಲಿಗೆ ಹೊರಟವರೊಬ್ಬರು ಕೇಳಿದಾಗ, "ಇಟಲಿಯಲ್ಲಿ ಒಂದೇ ಸಿಗ್ನಲ್ ಇರೋದು, ಅದು ದಾಟಿದ ಮೇಲೆ ಎಡಗಡೆ" ಎಂದರು. ಆ ದಂಪತಿ ಎರಡು ದಿನ ನಡೆದು ಅಂಥ ಸಿಗ್ನಲ್ಲನ್ನು ರೋಮಿನಲ್ಲಿ ಕಂಡುಹಿಡಿದರು. ಎಡಗಡೆಗೆ ಅದ್ಭುತವಾದ ಪಾಸ್ತಾ ಇತ್ತಂತೆ. ಅಥೆನ್ಸಿನಿಂದ ಬಂದವರು ಮಾತ್ರ ಒಂದು ದೂರು ಹೇಳಿದರು: "ಅಂಕಲ್, ನೀವು ಹೇಳಿದ ಟ್ರ್ಯಾಕ್ಟರ್ ಶೋರೂಮ್ ಕಾಣಲಿಲ್ಲ. ಹಳೇ ಕಂಬಗಳಿದ್ವು. ಆದ್ರೆ ಬದನೆಕಾಯಿ ಸೂಪರ್."

ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಶ್ಯಾಮಸುಂದರರಿಗೆ ಊಟ ಸೇರದಾಯಿತು. ಆಗ ವಿಜಯಾ ಒಂದು ದಿನ ಎರಡು ಟಿಕೆಟ್ ತೆಗೆದು ಟೇಬಲ್ ಮೇಲಿಟ್ಟರು.

"ಇಬ್ರೂ ಹೋಗೋಣ. ಅವಳನ್ನ ನಾನೂ ನೋಡ್ಬೇಕು."

ಹೀಗೆ ಶ್ಯಾಮಸುಂದರರು ತಮ್ಮ ಜೀವನದಲ್ಲಿ ಮೊದಲ ಬಾರಿ ಪ್ಯಾರಿಸ್ಸಿಗೆ ಹೋದರು. ಟವರ್ ಕೆಳಗೆ ನಿಂತು ಕತ್ತೆತ್ತಿ ನೋಡಿ, "ಇಷ್ಟು ದೊಡ್ಡದು ಬೇಕಿರಲಿಲ್ಲ" ಎಂದರು. ವಿಜಯಾ ಅವರ ತೋಳು ಹಿಡಿದು ಟವರ್‌ಗೆ ಬೆನ್ನು ಮಾಡಿ ನಿಲ್ಲಿಸಿದರು. "ಈಗ ನಡೀರಿ." ತಾವೇ ಹೇಳಿದ ದಾರಿಯಲ್ಲಿ ಶ್ಯಾಮಸುಂದರರು ಅಪರಾಧಿಯಂತೆ ನಡೆದರು. ಹಸಿರು ಬಾಗಿಲು ಬರದಿರಲಪ್ಪ ಎಂದು ಚಾಮುಂಡಿಗೆ ಹರಕೆಯನ್ನೂ ಹೊತ್ತರು. ಬಂತು.

ಒಳಗೆ ಆರೇಳು ಟೇಬಲ್. ಎಂಬತ್ತರ ಹತ್ತಿರದ, ಸಣ್ಣ ಮೈಕಟ್ಟಿನ ಹೆಂಗಸೊಬ್ಬಳು ಏಪ್ರನ್ ಕಟ್ಟಿಕೊಂಡು ಹೊರಬಂದಳು. ಇವರ ಮುಖ ನೋಡಿದವಳೇ ಕೈ ಮುಗಿದು, "ಬರ್ರಿ, ಬರ್ರಿ, ಕುಂದ್ರಿ" ಎಂದಳು.

ವಿಜಯಾ ದಂಗಾದರು. ಎರಡು ದಿನ ಅಡುಗೆಮನೆಯಲ್ಲಿ ಕೂತಿದ್ದ ಸುಮಿತ್ರವ್ವ ಆಕೆಗೆ ಅಷ್ಟು ಕಲಿಸಿಬಂದಿದ್ದರು. ಎಲಿಜಬೆತ್ ಎಂಬ ಹೆಸರನ್ನು ಮೊಟಕು ಮಾಡಿ ಊರವರು ಆಕೆಯನ್ನು ಬೆಟ್ಟಿ ಎನ್ನುತ್ತಿದ್ದರು. ಮುಂದಿನ ಮಾತು ಮುರುಕು ಇಂಗ್ಲಿಷಿನಲ್ಲಿ ನಡೆಯಿತು.

"ಟೆಕ್ಸಸ್ಸಿನಿಂದ ಬಂದಿರಾ? ಸ್ಯಾಮ್ ಕಳಿಸಿದನಾ?"

"ಇವರೇ ಸ್ಯಾಮ್" ಎಂದು ವಿಜಯಾ ಗಂಡನನ್ನು ಮುಂದೆ ತಳ್ಳಿ, ಇಬ್ಬರ ಮುಖವನ್ನೂ ಒಟ್ಟಿಗೆ ನೋಡುವ ಜಾಗದಲ್ಲಿ ನಿಂತರು.

ಬೆಟ್ಟಿ ಕನ್ನಡಕ ಹಾಕಿಕೊಂಡು ಅವರ ಸುತ್ತ ಒಂದು ಸುತ್ತು ಬಂದಳು. "ಅಲ್ಲ" ಎಂದಳು. "ಸ್ಯಾಮ್ ಉದ್ದ ಇದ್ದ. ಕೆಂಪು ಕೂದಲು. ಇಷ್ಟೊಂದು ಹೆದರುತ್ತಿರಲಿಲ್ಲ."

ವಿಜಯಾ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. ಬೆಟ್ಟಿಯೂ ಕೂತು ಹೇಳಿದಳು. ಅವಳು ಹರೆಯದಲ್ಲಿದ್ದಾಗ ಟೆಕ್ಸಸ್ಸಿನ ಪ್ಯಾರಿಸ್ ಎಂಬ ಊರಿನಿಂದ ಸ್ಯಾಮ್ ಎಂಬುವನು ತನ್ನೂರಿನ ಹೆಸರಿನ ಇನ್ನೊಂದು ಊರು ಹೇಗಿದೆಯೆಂದು ನೋಡಲು ಬಂದಿದ್ದ. ಒಂದು ವಾರ ಇದೇ ಅಂಗಡಿಯಲ್ಲಿ ಊಟ ಮಾಡಿದ. ಹೋಗುವಾಗ, ನಮ್ಮೂರಿನವರನ್ನೆಲ್ಲ ನಿನ್ನ ಹತ್ತಿರ ಕಳಿಸುತ್ತೇನೆ, ಸ್ಯಾಮ್ ಕಳಿಸಿದ ಅನ್ನುತ್ತಾರೆ, ಚೆನ್ನಾಗಿ ನೋಡಿಕೋ ಎಂದು ಹೇಳಿ ಹೋದ. ವರ್ಷಗಟ್ಟಲೆ ಒಬ್ಬರೂ ಬರಲಿಲ್ಲ. ಆಮೇಲೆ ಒಂದು ದಿನ ಸೀರೆಯುಟ್ಟ ಸುಮಿತ್ರವ್ವ ಬಂದು ಬಾಗಿಲಲ್ಲಿ ನಿಂತರು.

"ಈಗ ವಾರಕ್ಕೊಬ್ಬರು ಬರುತ್ತಾರೆ" ಎಂದಳು ಬೆಟ್ಟಿ. "ಎಷ್ಟು ಒಳ್ಳೆಯ ಜನ. ನನಗೊಂದೇ ಆಶ್ಚರ್ಯ. ಸ್ಯಾಮ್ ದಿನಾ ಹಂದಿ ತಿನ್ನುತ್ತಿದ್ದ. ಅವನ ಊರಿನಲ್ಲಿ ಮಿಕ್ಕವರು ಯಾರೂ ತಿನ್ನುವುದಿಲ್ಲವೇ?"

ಎಲ್ಲವನ್ನೂ ಬಿಡಿಸಿ ಹೇಳಲು ಶ್ಯಾಮಸುಂದರರು ಬಾಯಿ ತೆರೆದರು. ವಿಜಯಾ ಮೇಜಿನ ಕೆಳಗೆ ಅವರ ಕಾಲು ತುಳಿದು, "ಇಲ್ಲ, ಈಗ ಯಾರೂ ತಿನ್ನಲ್ಲ" ಎಂದರು. ತಿಂಗಳುಗಟ್ಟಲೆ ಗಂಡನನ್ನು ಅನುಮಾನಿಸಿದ್ದಕ್ಕೋ ಏನೋ, ಅವತ್ತು ವಿಜಯಾ ತುಂಬ ಊಟ ಮಾಡಿದರು. ಕಪ್ಪು ಗೋಧಿಯ ತೆಳುರೊಟ್ಟಿ, ಬೆಣ್ಣೆ, ಬೇಯಿಸಿದ ಕಾಳು. ತಟ್ಟೆ ಖಾಲಿಯಾದಾಗಲೆಲ್ಲ ಬೆಟ್ಟಿ ಹಿಂದಿನಿಂದ ಬಂದು "ಸಾಕ್ರೀ?" ಎನ್ನುವಳು. ಸಾಕು ಎಂದರೆ ಇನ್ನೊಂದು ಹಾಕುವಳು. ಹೊರಡುವಾಗ ತನ್ನ ಕೆಂಪು ಕೂದಲಿನ ಸ್ಯಾಮ್‌ಗೆಂದು ಅತ್ತಿಹಣ್ಣಿನ ಜಾಮಿನ ಒಂದು ಬಾಟಲಿ ಕೊಟ್ಟಳು.

ವಾಪಸು ಬಂದ ಮೇಲಿನ ಮೊದಲ ಮಂಗಳವಾರ ವಿಜಯಾ ಗಂಡನ ಜೊತೆ ಟೆಕ್ಸಸ್ಸಿನ ಪ್ಯಾರಿಸ್‌ಗೆ ಹೊರಟರು. ಅಲ್ಲಿನ ಬೆಟ್ಟಿಯ ಹೋಟೆಲಿನಲ್ಲಿ ವಿಚಾರಿಸಿದರೆ ಸ್ಯಾಮ್ ಸಿಗುವುದು ಕಷ್ಟವಾಗಲಿಲ್ಲ. ದಿನಾ ಕಿಟಕಿಯ ಪಕ್ಕ ಕೂತು ಊಟ ಮಾಡುವ, ಶ್ಯಾಮಸುಂದರರನ್ನು ಕಂಡು ವರ್ಷಗಳಿಂದ ತಲೆಯಾಡಿಸಿ ನಗುತ್ತಿದ್ದ ಉದ್ದನೆಯ ಮುದುಕ ಅವನೇ. ಈಗ ಕೂದಲು ಕೆಂಪಗಿರಲಿಲ್ಲ, ಕೂದಲೇ ಇರಲಿಲ್ಲ.

ಶ್ಯಾಮಸುಂದರರು ಎದುರಿಗೆ ಕೂತು ಎಲ್ಲವನ್ನೂ ಹೇಳಿದರು. ಸ್ಯಾಮ್ ತಿನ್ನುವುದನ್ನು ನಿಲ್ಲಿಸದೆ ಕೇಳಿಸಿಕೊಂಡ.

"ನೀವು ಯಾಕೆ ಒಬ್ಬರನ್ನೂ ಕಳಿಸಲಿಲ್ಲ?" ಎಂದು ವಿಜಯಾ ಕೇಳಿದರು.

"ಅಲ್ಲಿ ಊಟ ಚೆನ್ನಾಗಿರಲಿಲ್ಲ" ಎಂದ ಸ್ಯಾಮ್. "ನಮ್ಮವರನ್ನ ಹೇಗೆ ಕಳಿಸಲಿ?"

"ಚೆನ್ನಾಗಿಲ್ಲದಿದ್ರೆ ವಾರಪೂರ್ತಿ ಅಲ್ಲೇ ಯಾಕೆ ತಿಂದ್ರಿ?"

ವಿಜಯಾ ಮೇಜಿನ ಮೇಲಿಟ್ಟಿದ್ದ ಜಾಮಿನ ಬಾಟಲಿಯನ್ನು ಸ್ಯಾಮ್ ಹತ್ತಿರಕ್ಕೆ ಎಳೆದುಕೊಂಡ. ಮುಚ್ಚಳ ತೆಗೆದು, ಚಮಚದ ತುದಿಯಲ್ಲಿ ಜಾಮು ತೆಗೆದು ನೆಕ್ಕಿದ. ಮುಖ ಹಿಂಡಿದ. ಮತ್ತೆ ಇನ್ನೊಂದು ಚಮಚ ತೆಗೆದ. ಅರ್ಧ ಬಾಟಲಿ ಮುಗಿದ ಮೇಲೆ ಶ್ಯಾಮಸುಂದರರನ್ನು ಕೇಳಿದ:

"ಅವಳಿಗೆ ಮದುವೆ ಆಗಿದೆಯಾ?"

"ಅದೊಂದು ವಿಚಾರಿಸ್ಲಿಲ್ಲ."

"ಅಷ್ಟು ದೂರ ಹೋಗಿ ಅದನ್ನ ಕೇಳದೆ ಬಂದೆಯಾ?"

"ನಾನು ಕೇಳಿದೀನಿ" ಎಂದರು ವಿಜಯಾ. "ಆಗಿಲ್ಲ."

ಸ್ಯಾಮ್ ಚಮಚ ಕೆಳಗಿಟ್ಟ. ಆಮೇಲೆ ಇಲ್ಲಿನ ಬೆಟ್ಟಿಯನ್ನು ಕೂಗಿ ಮೂವರಿಗೂ ಪೀಚ್ ಹಣ್ಣಿನ ಪೈ ತರಲು ಹೇಳಿ, ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಅಲ್ಲಿಗೆ ಹೋಗಲು ವಿಮಾನ ಎಲ್ಲಿ ಹತ್ತಬೇಕು, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕೇಳತೊಡಗಿದ.