ದಾಸ್ತಾನಿಗೆ ಸೇರಿದ ಹೊಂಗೆಮರ

ಮಾದಯ್ಯನ ಬಲ ಅಂಗೈಯಲ್ಲಿ ಹಗ್ಗ ಉಜ್ಜಿದ ಗೆರೆಯಿತ್ತು. ಕೊಳ್ಳೇಗಾಲದ ನಮ್ಮ ಸರ್ಕಾರಿ ಕಚೇರಿಯ ಎತ್ತರದ ಗವಾಕ್ಷಿಗಳನ್ನು ದಿನವೂ ಹಗ್ಗ ಎಳೆದು ತೆರೆಯುತ್ತಿದ್ದ ಅಟೆಂಡರ್ ಅವನು. ಮಧುವನಹಳ್ಳಿಯಿಂದ ಸೈಕಲ್ಲಿನಲ್ಲಿ ಬಂದವನೇ ಬಿಸಿಲು ಬೀಳುವ ಕಡೆಯ ಕಿಟಕಿ ಮುಚ್ಚಿ ಎದುರಿನದು ತೆರೆಯುವನು, ಮಧ್ಯಾಹ್ನ ಅದಲುಬದಲು. ಜನರಿಲ್ಲದ ಕಡೆ ತಿರುಗುವ ಫ್ಯಾನು ಆರಿಸಿ, "ಕುರ್ಚಿಗೆ ಸೆಕೆ ಆಯ್ತದಾ ಸಾ?" ಎನ್ನುವನು. ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ನಾನು ಗೋಡೆಯ ಗಡಿಯಾರಕ್ಕಿಂತ ಅವನನ್ನು ನಂಬಿದ್ದೆ.

ಹಳೆಯ ಕಚೇರಿಗಳನ್ನು ಹಸಿರಾಗಿಸುವ ಯೋಜನೆ ಬಂತು. ಎಂಜಿನಿಯರ್ ನೋಡಿ ಬರೆದರು: ತಾರಸಿಗೆ ಸೋಲಾರ್ ಫಲಕ ಹಾಕುವುದು, ಫಲಕಕ್ಕೆ ನೆರಳಾಗುವ ಅಂಗಳದ ಹೊಂಗೆಮರ ಕಡಿಯುವುದು, ಮರ ಹೋದ ಮೇಲೆ ಹೆಚ್ಚುವ ಸೆಕೆಗೆ ಏಸಿ ಕೂರಿಸುವುದು, ಏಸಿಗೆ ಬೇಕಾದ ಕರೆಂಟನ್ನು ಸೋಲಾರಿನಿಂದ ಪಡೆಯುವುದು. ಎಲ್ಲೂ ಲೋಪವಿರಲಿಲ್ಲ. ಟಿಪ್ಪಣಿ ಬರೆದು ಸಹಿಗೆ ಕಳಿಸಿದವನು ನಾನೇ.

ಹನೂರಿನ ಕಡೆಯಿಂದ ಬಂದ ಮುದುಕಿಯರು ಆ ಮರದಡಿಯೇ ಬುತ್ತಿ ಬಿಚ್ಚುತ್ತಿದ್ದರು.

"ಮರ ಕಡ್ದು ಹಸ್ರು ಮಾಡದು ಎಂಗೆ ಸಾ?"

"ಆದೇಶ, ಮಾದಯ್ಯ."

ಮಾರನೆಯ ದಿನ ಮರದ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ನಂಬರಿತ್ತು. ಕಚೇರಿಯ ಕುರ್ಚಿ, ಬೀರುಗಳಿಗೆ ದಾಸ್ತಾನಿನ ನಂಬರು ಬರೆಯುವುದು ಮಾದಯ್ಯನದೇ ಕೆಲಸ. ಕೊನೆಯ ಬೀರುವಿನ ಮುಂದಿನ ನಂಬರನ್ನು ಮರಕ್ಕೆ ಕೊಟ್ಟಿದ್ದ.

"ಏನಯ್ಯ ಇದು?"

"ನಂಬ್ರು ಬಿದ್ಮೇಲೆ ಸರ್ಕಾರದ ಸಾಮಾನು ಕಣ್ ಸಾ. ಮುರ್ದೋದ ಸ್ಟೂಲ್ ಬಿಸಾಕಕ್ಕೂ ಕಮಿಟಿ ಕೂರ್ಬೇಕು ಅಂತ ನೀವೇ ಅಲ್ವಾ ಬೈದಿದ್ದು?"

ಬೈದದ್ದು ನಿಜ. ನಂಬರಿದ್ದೂ ರಿಜಿಸ್ಟರಿನಲ್ಲಿಲ್ಲದ ವಸ್ತು ನನ್ನ ಸೇವೆಯಲ್ಲಿ ಒಂದೂ ಇರಲಿಲ್ಲ. ಸಂಜೆಯೊಳಗೆ ನಮೂದಿಸಿದೆ: 'ಹೊಂಗೆಮರ, ಒಂದು, ಸುಸ್ಥಿತಿ.' ಗರಗಸ ತಂದ ಗುತ್ತಿಗೆದಾರನಿಗೆ, ಕಮಿಟಿ ನಿರುಪಯುಕ್ತವೆಂದು ಬರೆದುಕೊಡದೆ ಮುಟ್ಟುವಂತಿಲ್ಲ ಎಂದೆ. ಕಡತ ಮೇಲಕ್ಕೆ ಹೋಯಿತು. ಮರ ಯಾವ ವರ್ಗದ ಪೀಠೋಪಕರಣ ಎಂಬ ಪ್ರಶ್ನೆ ಹೊತ್ತು ಹಿಂದಿರುಗಿತು, ಮತ್ತೆ ಹೋಯಿತು. ಕಾದು ಸಾಕಾದ ಎಂಜಿನಿಯರ್ ಫಲಕಗಳನ್ನು ಸೈಕಲ್ ಸ್ಟ್ಯಾಂಡಿನ ಮೇಲೆ ಹಾಕಿಸಿದರು. ಅಲ್ಲಿ ನೆರಳು ಮೊದಲಿನಿಂದಲೂ ಬೀಳುತ್ತಿರಲಿಲ್ಲ.

ನಿವೃತ್ತಿಯ ದಿನ ಮಾದಯ್ಯ ಬೀಗದ ಕೈಗಳನ್ನೊಪ್ಪಿಸಿ ನನ್ನನ್ನು ಹೊಂಗೆಯಡಿಗೆ ಕರೆದೊಯ್ದ. "ಇದ್ನೂ ಎಣಿಸ್ಕಳಿ ಸಾ. ಆಮೇಕೆ ಮಾದ ತಕಂಡೋದ ಅನ್ಬಾರ್ದು."

ಆಮೇಲೆ ನಾನೂ ನಿವೃತ್ತನಾದೆ. ಅವನು ತೀರಿಕೊಂಡು ಎರಡು ವರ್ಷ. ಗವಾಕ್ಷಿಗಳಿಗೆ ಹಲಗೆ ಹೊಡೆದು ಏಸಿ ಕೂರಿಸಿದ್ದಾರೆ. ಕರೆಂಟು ಹೋದರೆ ಎಲ್ಲರೂ ಕಡತ ಹಿಡಿದು ಹೊಂಗೆಯಡಿ ಬರುತ್ತಾರೆ. ಕಾಂಡ ದಪ್ಪವಾಗಿ ನಂಬರು ಬಿರಿದಿತ್ತು. ಮೊನ್ನೆ ಬಣ್ಣದ ಡಬ್ಬಿ ಒಯ್ದು ತಿದ್ದುತ್ತಿದ್ದೆ. ಹೊಸ ಅಟೆಂಡರ್ ಹುಡುಗಿ ಬಂದು, "ಯಾರ್ ಸಾ ನೀವು?" ಎಂದಳು.

"ದಾಸ್ತಾನು ಪರಿಶೀಲನೆ," ಎಂದೆ.

ಅವಳು ಒಳಗೆ ಹೋಗಿ ಕುರ್ಚಿ ತಂದು ನೆರಳಿನಲ್ಲಿ ಹಾಕಿದಳು. ಅದರ ಬೆನ್ನಿನ ನಂಬರು ಮಾದಯ್ಯನ ಕೈಬರಹ.